ತೊಗಲು ಯಾರದು, ಕುಣಿಸುವವರು ಯಾರು?

ಆಟಕ್ಕೆ ಒಂದು ಗೊಂಬೆ ಕಟ್ಟಿಕೊಂಡರೆ ಯಾರಿಗೇನು ನಷ್ಟ ಎಂದು ಕೇಳುವವರಿದ್ದಾರೆ. ಶಾಲೆಗೊಂದು ಹುಲಿ, ಕಾಲೇಜಿಗೊಂದು ಗಿಡುಗ, ತಂಡಕ್ಕೊಂದು ಕರಡಿ ಇದ್ದರೆ ಮಕ್ಕಳು ಕೂಗುತ್ತಾರೆ, ಕುಣಿಯುತ್ತಾರೆ, ಮನೆಗೆ ಹೋಗುತ್ತಾರೆ. ಇದರಲ್ಲೂ ರಾಜಕೀಯ ಹುಡುಕುತ್ತೀರಲ್ಲ, ನಿಮಗೆ ಬೇರೆ ಕೆಲಸ ಇಲ್ಲವೇನ್ರೀ ಅಂತ ನಗುವವರೂ ಇದ್ದಾರೆ. ಹುಲಿ ಕರಡಿಗಳ ಬಗ್ಗೆ ನಮ್ಮ ತಕರಾರಿಲ್ಲ. ತನ್ನ ಚಿತ್ರ ಯಾರ ಅಂಗಿಯ ಮೇಲಿದೆ ಎಂಬ ಚಿಂತೆ ಹುಲಿಗೆ ಇಲ್ಲ. ಆದರೆ ಅದೇ ಸಾಲಿನಲ್ಲಿ ಜೀವಂತ ಮನುಷ್ಯರ ಒಂದು ಜನಾಂಗವನ್ನು ತಂದು ನಿಲ್ಲಿಸಿದಾಗ, ನಿಲ್ಲಿಸಿದವರು ಯಾರು ಎಂದು ಕೇಳಲೇಬೇಕಾಗುತ್ತದೆ. ಅಮೆರಿಕದಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ನಡೆದು ಬಂದಿರುವುದು, ಇನ್ನೂ ಪೂರ್ತಿ ನಿಲ್ಲದೆ ಇರುವುದು ಇದೇ. ಅಲ್ಲಿನ ಮೂಲನಿವಾಸಿಗಳ ಮುಖ, ಹೆಸರು, ಕುಣಿತ, ಈಟಿ, ಗರಿಯ ಕಿರೀಟ ಎಲ್ಲವೂ ಬಿಳಿಯರು ಕಟ್ಟಿದ ತಂಡಗಳ, ಕಾಲೇಜುಗಳ ಲಾಂಛನವಾದವು. ಇಂಥ ಲಾಂಛನವನ್ನು ಅಲ್ಲಿ 'ಮ್ಯಾಸ್ಕಾಟ್' ಎನ್ನುತ್ತಾರೆ.

ಈ ಮ್ಯಾಸ್ಕಾಟುಗಳನ್ನು ಕೃತಿಗಳ ಹಾಗೆ ಓದಬೇಕು ಎನ್ನುತ್ತೇವೆ ನಾವು. ಕವಿತೆ ಕಥೆಗಳಿಗೆ ಹಾಕುವ ಪ್ರಶ್ನೆಗಳನ್ನೇ ಇವಕ್ಕೂ ಹಾಕಬೇಕು. ಬರೆದವನು ಯಾರು? ಯಾರ ಖುಷಿಗೆ ಬರೆದ? ಒಳಗಿರುವ ಬಾಯಿ ಯಾರದು, ಮಾತು ಯಾರದು? ಒಂದು ಮಧ್ಯಾಹ್ನ ಸಾವಿರಾರು ಜನ ಒಟ್ಟಿಗೆ ಕೂತು ಓದುವ ಕೃತಿ ಇದು. ನಮ್ಮ ಯಾವ ಕವಿಗೂ ಅಷ್ಟು ಓದುಗರಿಲ್ಲ. ಅದು ಆಟದ ಸಂಗತಿ, ಸಾಹಿತ್ಯದ ಸಂಗತಿಯಲ್ಲ ಎಂದು ವಿಮರ್ಶಕರು ಪಂಚೆ ಎತ್ತಿಕೊಂಡು ದಾಟಿ ಹೋದರೆ ಅದನ್ನು ಮಡಿವಂತಿಕೆ ಎನ್ನದೆ ಇನ್ನೇನು ಎನ್ನಬೇಕು?

ಮೊದಲು ಮಾತನ್ನೇ ನೋಡೋಣ. 'ಮ್ಯಾಸ್ಕಾಟ್' ಫ್ರೆಂಚ್ ಮೂಲದ ಮಾತು. 1880ರಲ್ಲಿ ಪ್ಯಾರಿಸ್ಸಿನ ರಂಗದ ಮೇಲೆ ಬಂದ ಎಡ್ಮಂಡ್ ಓಡ್ರಾನನ 'ಲಾ ಮಾಸ್ಕಾಟ್' ಎಂಬ ಸಂಗೀತ ನಾಟಕದಿಂದ ಅದು ಊರೂರಿಗೆ ಹರಡಿತು. ಟರ್ಕಿ ಕೋಳಿ ಕಾಯುವ ಒಬ್ಬ ಹಳ್ಳಿ ಹುಡುಗಿ. ಅವಳ ಕಾಲ್ಗುಣ ಎಂಥದೆಂದರೆ ಅವಳು ಇರುವ ಮನೆಗೆ ಅದೃಷ್ಟ ಒಲಿಯುತ್ತದೆ. ಸುದ್ದಿ ತಿಳಿದ ದೊರೆ ಅವಳನ್ನು ಅರಮನೆಗೆ ಒಯ್ದು ಇಟ್ಟುಕೊಳ್ಳುತ್ತಾನೆ. ನಾಟಕವೇನೋ ನಗಿಸುವುದಕ್ಕೆ ಬರೆದದ್ದು. ಆದರೆ ಮ್ಯಾಸ್ಕಾಟಿನ ಹುಟ್ಟುಗುಣ ಅದರಲ್ಲೇ ಇದೆ. ಕಾಲ್ಗುಣ ಆಳಿನದು, ಅದೃಷ್ಟ ಯಜಮಾನನದು.

ಅಮೆರಿಕದ ಬೇಸ್‌ಬಾಲ್ ತಂಡಗಳು ಈ ಮಾತನ್ನು ಎತ್ತಿಕೊಂಡಾಗ ಬಟ್ಟೆಯ ಗೊಂಬೆಗಳನ್ನು ಹುಡುಕಲಿಲ್ಲ, ಮನುಷ್ಯರನ್ನೇ ಇಟ್ಟುಕೊಂಡವು. ಕರಿಯ ಹುಡುಗರು, ಗೂನುಬೆನ್ನಿನವರು ಆಟಗಾರರಿಗೆ ಶಕುನವಾದರು. 1888ರಲ್ಲಿ ಶಿಕಾಗೊ ತಂಡ ಲೋಕ ಸುತ್ತುವ ಪ್ರವಾಸ ಹೊರಟಾಗ ಕ್ಲಾರೆನ್ಸ್ ಡುವಾಲ್ ಎಂಬ ಕರಿಯ ಹುಡುಗನನ್ನು ಮ್ಯಾಸ್ಕಾಟ್ ಎಂದು ಜೊತೆಗೆ ಕರೆದುಕೊಂಡು ಹೋಯಿತು. ಆಟ ಆಡುವುದಕ್ಕಲ್ಲ, ಮುಂದೆ ಕುಣಿಯುವುದಕ್ಕೆ. ಆ ತಂಡದ ನಾಯಕ ಕ್ಯಾಪ್ ಆನ್ಸನ್. ಎದುರು ತಂಡದಲ್ಲಿ ಕರಿಯನಿದ್ದರೆ ಮೈದಾನಕ್ಕೆ ಇಳಿಯುವುದಿಲ್ಲ ಎಂದು ಹಟ ಹಿಡಿದು ಕುಖ್ಯಾತನಾದವನು ಈತನೇ. ಕರಿಯ ಆಟಗಾರ ಮೈದಾನಕ್ಕೆ ಮೈಲಿಗೆ, ಕರಿಯ ಹುಡುಗ ಮೈದಾನಕ್ಕೆ ಶುಭ! ಜಾತ್ರೆಗೆ ತಮಟೆ ಬೇಕು, ತಮಟೆ ಬಡಿಯುವವನು ಮಾತ್ರ ಗುಡಿಯ ಹೊರಗಿರಬೇಕು ಎನ್ನುವ ಊರುಗಳನ್ನು ಕಂಡವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಬ್ಬ ಹುಡುಗನ ಮೇಲೆ ನಡೆದದ್ದು ಒಂದಿಡೀ ಜನಾಂಗದ ಮೇಲೆ ನಡೆಯತೊಡಗಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಕಾಲವನ್ನು ಗಮನಿಸಿ. 1890ರ ಡಿಸೆಂಬರ್ 29ರಂದು ವೂಂಡೆಡ್ ನೀ ಎಂಬಲ್ಲಿ ಅಮೆರಿಕದ ಸೈನ್ಯ ಲಕೋಟ ಜನರ ಗಂಡಸರು, ಹೆಂಗಸರು, ಮಕ್ಕಳನ್ನು ಗುಂಡಿಟ್ಟು ಕೊಂದಿತು. ಸತ್ತವರು 250ಕ್ಕೂ ಹೆಚ್ಚು. ಅಲ್ಲಿಗೆ ಮೂಲನಿವಾಸಿಗಳ ಸಶಸ್ತ್ರ ಪ್ರತಿರೋಧ ಬಹುಮಟ್ಟಿಗೆ ಮುಗಿಯಿತು. ಅದು ಮುಗಿದ ಮೇಲೆಯೇ ತಂಡಗಳಿಗೆ 'ಇಂಡಿಯನ್', 'ವೀರ', 'ದಳಪತಿ' ಎಂಬ ಹೆಸರುಗಳು ಒಂದರ ಹಿಂದೊಂದು ಬರತೊಡಗಿದವು. ಜೀವಂತ ಜಿಂಕೆಯ ತಲೆಯನ್ನು ಯಾರೂ ಗೋಡೆಗೆ ಹೊಡೆಯುವುದಿಲ್ಲ. ಬೇಟೆ ಮುಗಿದಿರಬೇಕು. ಇನ್ನು 'ಇಂಡಿಯನ್' ಎಂಬ ಹೆಸರೋ! ಕೊಲಂಬಸನ ದಾರಿಯ ಲೆಕ್ಕ ತಪ್ಪಿ ನಮ್ಮ ದೇಶದ ಹೆಸರು ಅವರ ಹಣೆಗೆ ಅಂಟಿತು. ಆ ಹೆಸರನ್ನು ಅವರೂ ಕೇಳಿರಲಿಲ್ಲ, ನಾವೂ ಕೊಟ್ಟಿರಲಿಲ್ಲ.

ಈಗ ಒಂದು ಕುಣಿತವನ್ನು ಓದೋಣ. 1926ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಮೈದಾನದಲ್ಲಿ, ಆಟದ ನಡುವಿನ ಬಿಡುವಿನಲ್ಲಿ, ಒಬ್ಬ ಬಿಳಿಯ ವಿದ್ಯಾರ್ಥಿ ಗರಿಯ ಕಿರೀಟ ತೊಟ್ಟು ಕುಣಿದ. ಆ ವೇಷಕ್ಕೆ 'ಚೀಫ್ ಇಲಿನಿವೆಕ್' ಎಂದು ಹೆಸರು. ವಿದ್ಯಾರ್ಥಿಗಳು ಬದಲಾದರು, ವೇಷ ಎಂಬತ್ತು ವರ್ಷ ಉಳಿಯಿತು. ಕುಣಿತ ನಡೆಯುವಾಗ ಜನ ಎದ್ದು ನಿಲ್ಲುತ್ತಿದ್ದರು, ಕಣ್ಣೀರು ಹಾಕುವವರೂ ಇದ್ದರು. ಇದು ಅಣಕ ಅಲ್ಲ, ನಮಗಿದು ಪೂಜೆ ಅಂತ ಅವರು ವಾದಿಸುತ್ತಿದ್ದರು.

ಇಲ್ಲೇ ಇತಿಹಾಸದ ಪುಟ ತಿರುಗಿಸಬೇಕು. 1883ರಲ್ಲಿ ಅಮೆರಿಕ ಸರ್ಕಾರ ಮೂಲನಿವಾಸಿಗಳ ಸೂರ್ಯನೃತ್ಯ ಮೊದಲಾದ ಕುಣಿತಗಳನ್ನು, ಅವರ ಮಂತ್ರ ಮದ್ದುಗಳನ್ನು ಅಪರಾಧದ ಪಟ್ಟಿಗೆ ಸೇರಿಸಿತು. ಕುಣಿದವನ ಪಡಿತರ ನಿಲ್ಲಿಸಬಹುದಿತ್ತು, ಜೈಲಿಗೆ ಹಾಕಬಹುದಿತ್ತು. ಕುಣಿತಗಳನ್ನು ಹತ್ತಿಕ್ಕಿ ಎಂದು 1921ರಲ್ಲಿ ಅಧಿಕಾರಿಗಳಿಗೆ ಮತ್ತೆ ಸುತ್ತೋಲೆ ಹೋಯಿತು. ಆ ಬಿಗಿ ಸಡಿಲವಾದದ್ದು 1934ರಲ್ಲಿ. ಅವರ ಧರ್ಮಾಚರಣೆಗೆ ರಕ್ಷಣೆ ಕೊಡುವ ಕಾಯಿದೆ ಬಂದದ್ದು 1978ರಲ್ಲಿ. ಅಂದರೆ 1926ರಲ್ಲಿ ಬಿಳಿಯ ಹುಡುಗ ಮೈದಾನದಲ್ಲಿ ಕುಣಿದು ಚಪ್ಪಾಳೆ ಗಿಟ್ಟಿಸಿದ ಕಾಲಕ್ಕೆ, ನಿಜವಾದ ವಾರಸುದಾರ ತನ್ನ ಹಟ್ಟಿಯಲ್ಲಿ ತನ್ನ ದೇವರಿಗೆ ಕುಣಿದರೆ ಶಿಕ್ಷೆಯಿತ್ತು. ಅವನು ಕುಣಿದರೆ ಅಪರಾಧ, ಇವನು ಕುಣಿದರೆ ಪರಂಪರೆ. ಇದಕ್ಕೆ ಪೂಜೆ ಅಂತ ಹೆಸರಿಟ್ಟರೆ ದೇವರಿಗೂ ಮುಜುಗರವಾದೀತು.

ವೇಷದ ವಿವರ ನೋಡಿದರೆ ಸುಳ್ಳು ಇನ್ನೂ ಬಯಲಾಗುತ್ತದೆ. ಇಲಿನಿ ಜನ ಕಾಡು ಹೊಳೆಗಳ ಸೀಮೆಯವರು. ಮೈದಾನದಲ್ಲಿ ಕುಣಿದವನ ಉಡುಪು ಪಶ್ಚಿಮದ ಬಯಲುಸೀಮೆಯ ಲಕೋಟ ಜನರದು. ಯಾರ ಹೆಸರೋ, ಯಾರ ಬಟ್ಟೆಯೋ, ಕುಣಿತ ಇನ್ಯಾರದೋ. ಎಲ್ಲರೂ ಒಂದೇ ಎಂದು ಕಾಣುವುದು ದೂರ ನಿಂತು ನೋಡುವವನ ಕಣ್ಣಿಗೆ ಮಾತ್ರ. ಹಾಗಾದರೆ ಇಲಿನಿ ಜನರ ಸಂತತಿ ಎಲ್ಲಿದೆ? ಅವರನ್ನು ಅಲ್ಲಿಂದ ಒಕ್ಕಲೆಬ್ಬಿಸಿ ಅಟ್ಟಲಾಯಿತು. ಪಿಯೋರಿಯ ಎಂಬ ಹೆಸರಿನಲ್ಲಿ ಅವರು ಈಗ ಒಕ್ಲಹೋಮದಲ್ಲಿದ್ದಾರೆ. ಈ ಕುಣಿತ ನಿಲ್ಲಿಸಿ ಎಂದು ಅವರ ಮಂಡಳಿ 2000ದಲ್ಲಿ ನಿರ್ಣಯ ಮಾಡಿ ಕೇಳಿತು. ವಿಶ್ವವಿದ್ಯಾಲಯ ಇನ್ನೂ ಏಳು ವರ್ಷ ಕುಣಿಸಿತು.

ಆ ಕುಣಿತವನ್ನು ವಿಮರ್ಶಿಸಿದ್ದು ಯಾವ ಪ್ರೊಫೆಸರೂ ಅಲ್ಲ. ಸ್ಪೋಕೇನ್ ಜನಾಂಗದ ಶಾರ್ಲೀನ್ ಟೀಟರ್ಸ್ ಎಂಬ ಹೆಣ್ಣುಮಗಳು 1988ರಲ್ಲಿ ಚಿತ್ರಕಲೆ ಓದಲು ಅಲ್ಲಿಗೆ ಬಂದರು. ಮಕ್ಕಳನ್ನು ಆಟಕ್ಕೆ ಕರೆದುಕೊಂಡು ಹೋದರು. ವೇಷ ಕುಣಿಯತೊಡಗಿದಾಗ ಮಕ್ಕಳು ನಾಚಿಕೆಯಿಂದ ಕುರ್ಚಿಯೊಳಗೆ ಕುಸಿದು ಕೂತದ್ದನ್ನು ಕಂಡರು. ಆಮೇಲೆ ಆಕೆ ಒಂದು ಫಲಕ ಹಿಡಿದು ಕ್ರೀಡಾಂಗಣದ ಹೊರಗೆ ಒಬ್ಬರೇ ನಿಂತರು. ಬೈಗುಳ ತಿಂದರು, ಜಾಗ ಬಿಡಲಿಲ್ಲ. ಆಕೆಯ ಹೋರಾಟದ ಬಗ್ಗೆ ಜೇ ರೋಸೆನ್‌ಸ್ಟೀನ್ 1997ರಲ್ಲಿ ಮಾಡಿದ ಸಾಕ್ಷ್ಯಚಿತ್ರದ ಹೆಸರೇ ಒಂದು ಪ್ರಶ್ನೆ, 'ಯಾರ ಗೌರವಕ್ಕೆ?' ಎಂಬರ್ಥದ್ದು. ಕಡೆಗೆ 2005ರಲ್ಲಿ ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಘ ಇಂಥ ಲಾಂಛನಗಳಿರುವ ಕಾಲೇಜುಗಳನ್ನು ತನ್ನ ಚಾಂಪಿಯನ್‌ಷಿಪ್ ಪಂದ್ಯಗಳ ವಿಷಯದಲ್ಲಿ ನಿರ್ಬಂಧಿಸಿತು. 2007ರ ಫೆಬ್ರವರಿ 21ರಂದು ಇಲಿನಿವೆಕ್ ಕೊನೆಯ ಸಲ ಕುಣಿದ. ಎಂಬತ್ತು ವರ್ಷ ಅಷ್ಟು ಜನ ಎದ್ದು ನಿಂತು ಕಾಣದಿದ್ದುದು ಕುರ್ಚಿಯಲ್ಲಿ ಕುಸಿದ ಮಕ್ಕಳ ತಾಯಿಗೆ ಕಂಡಿತ್ತು.

ಇನ್ನು ಒಂದು ಮುಖ. ಕ್ಲೀವ್‌ಲೆಂಡಿನ ಬೇಸ್‌ಬಾಲ್ ತಂಡ 1915ರಲ್ಲಿ 'ಇಂಡಿಯನ್ಸ್' ಎಂಬ ಹೆಸರಿಟ್ಟುಕೊಂಡಿತು. ಪೆನಾಬ್ಸ್ಕಾಟ್ ಜನಾಂಗದ ಲೂಯಿ ಸಾಕಲೆಕ್ಸಿಸ್ ಎಂಬ ಆಟಗಾರ 1897ರಿಂದ 1899ರವರೆಗೆ ಕ್ಲೀವ್‌ಲೆಂಡಿಗೆ ಆಡಿದ್ದ, ಅವನ ನೆನಪಿನ ಗೌರವಕ್ಕೆ ಇಟ್ಟ ಹೆಸರು ಎಂದು ತಂಡ ಬಹುಕಾಲ ಹೇಳಿಕೊಂಡು ಬಂತು. ಇತಿಹಾಸಕಾರರು ಈ ಕಥೆಯನ್ನು ಒಪ್ಪಿಲ್ಲ. ಒಪ್ಪಿದರೂ ಏನು? ಸಾಕಲೆಕ್ಸಿಸ್ ಆಡುವಾಗ ಪ್ರೇಕ್ಷಕರು ಯುದ್ಧದ ಕೇಕೆ ಹಾಕಿ ಅಣಕಿಸುತ್ತಿದ್ದರು. ಗೌರವವೇ ಆಗಿದ್ದರೆ ಆ ಮನುಷ್ಯನ ಮುಖ ಬರೆಯಬೇಕಿತ್ತು. ಬರೆದದ್ದು ಬೇರೆ. 1947ರಲ್ಲಿ ಹದಿನೇಳು ವರ್ಷದ ಹುಡುಗನೊಬ್ಬನ ಕೈಯಲ್ಲಿ ಬರೆಸಿ, 1951ರಲ್ಲಿ ಬದಲಿಸಿದ ಆ 'ಚೀಫ್ ವಾಹೂ' ಚಿತ್ರವನ್ನು ನೋಡಿ. ಇಟ್ಟಿಗೆ ಕೆಂಪಿನ ಮುಖ, ತಲೆಯ ಮೇಲೊಂದು ಗರಿ, ದಪ್ಪ ಮೂಗು, ಕಿವಿಯಿಂದ ಕಿವಿಗೆ ಹಲ್ಲು. ಹೊಸ ಮನೆ ಕಟ್ಟುವಾಗ ದೃಷ್ಟಿ ತಾಗದಿರಲಿ ಅಂತ ತೂಗು ಹಾಕುವ ದೃಷ್ಟಿಬೊಂಬೆಗೂ ಇದಕ್ಕೂ ಏನು ವ್ಯತ್ಯಾಸ? ದೃಷ್ಟಿಬೊಂಬೆಯಾದರೂ ಹಲ್ಲು ಕಚ್ಚಿ ಹೆದರಿಸುತ್ತದೆ. ವಾಹೂ ನಗುತ್ತಾನೆ. ನೆಲ ಕಳೆದುಕೊಂಡವನನ್ನು ಆ ನೆಲ ಗೆದ್ದವನ ಟೋಪಿಯ ಮೇಲೆ ಕೂರಿಸಿ ನಗಿಸಿದ್ದಾರೆ. ನಮಗೇನೂ ಸಿಟ್ಟಿಲ್ಲ ಸ್ವಾಮಿ ಎಂದು ಸೋತವನ ಬಾಯಲ್ಲಿ ಹೇಳಿಸುವ ನಗೆ ಅದು. ಆ ಮುಖ ಆಟಗಾರರ ಉಡುಪಿನಿಂದ ಹೋದದ್ದು 2018ರ ಋತು ಮುಗಿದ ಮೇಲೆ. 2021ರ ಆಟ ಮುಗಿದ ಮೇಲೆ ಹೆಸರೂ ಹೋಗಿ ತಂಡ 'ಗಾರ್ಡಿಯನ್ಸ್' ಆಯಿತು.

ಮೂರನೆಯದು ಒಂದು ಹೆಸರು. ವಾಷಿಂಗ್ಟನ್ ನಗರದ ಫುಟ್‌ಬಾಲ್ ತಂಡ 1933ರಲ್ಲಿ, ಇನ್ನೂ ಬಾಸ್ಟನ್ನಿನಲ್ಲಿದ್ದಾಗ, 'ರೆಡ್‌ಸ್ಕಿನ್ಸ್' ಎಂದು ಹೆಸರಿಟ್ಟುಕೊಂಡಿತು. ಕನ್ನಡದಲ್ಲಿ ಹೇಳುವುದಾದರೆ 'ಕೆಂಪುತೊಗಲಿನವರು'. ಜಾತಿಯನ್ನು ಹೆಸರಿನಿಂದಲೂ ಕಸುಬಿನಿಂದಲೂ ಗುರುತಿಸುವ ನಾಡಿನವರಾದ ನಮಗೆ ಮನುಷ್ಯನನ್ನು ಬರೀ ತೊಗಲಿನಿಂದ ಕರೆದರೆ ಏನಾಗುತ್ತದೆ ಎಂದು ಗೊತ್ತು. ಈ ಮಾತಿನ ಚರಿತ್ರೆಯಲ್ಲಿ ರಕ್ತವಿದೆ. 1863ರಲ್ಲಿ ಮಿನ್ನೆಸೋಟ ರಾಜ್ಯದ ವಿನೋನ ಊರಿನ ಪತ್ರಿಕೆಯೊಂದು, ಸತ್ತ ಪ್ರತಿ 'ಕೆಂಪುತೊಗಲಿ'ಗೆ ಸರ್ಕಾರದ ಇನಾಮು 200 ಡಾಲರಿಗೆ ಏರಿದೆ ಎಂದು ಅಚ್ಚು ಹಾಕಿತ್ತು. ಅದೇ ಮಿನ್ನೆಸೋಟದ ಮಿನ್ನಿಯಾಪೊಲಿಸ್‌ನಲ್ಲಿ 1992ರ ಜನವರಿಯಲ್ಲಿ ವಾಷಿಂಗ್ಟನ್ ತಂಡ ವರ್ಷದ ಅಂತಿಮ ಪಂದ್ಯ ಆಡಲು ಬಂದಾಗ ಮೂಲನಿವಾಸಿಗಳು ಸಾವಿರಗಟ್ಟಲೆ ನೆರೆದು ಪ್ರತಿಭಟಿಸಿದರು. ಈ ತಂಡದ ಮಾಲೀಕ ಜಾರ್ಜ್ ಪ್ರೆಸ್ಟನ್ ಮಾರ್ಷಲ್ ಕರಿಯ ಆಟಗಾರರನ್ನು ಬಹುಕಾಲ ಹತ್ತಿರ ಸೇರಿಸಲಿಲ್ಲ. ಕೂಟದ ಬೇರೆಲ್ಲ ತಂಡಗಳೂ ಸೇರಿಸಿಕೊಂಡ ಮೇಲೆ, ಸರ್ಕಾರ ಒತ್ತಡ ಹೇರಿದ ಮೇಲೆ, 1962ರಲ್ಲಿ ಮಣಿದ. ಕೆಂಪು ತೊಗಲಿನ ಹೆಸರು ಎದೆಯ ಮೇಲೆ, ಕಪ್ಪು ತೊಗಲಿನ ಮನುಷ್ಯ ಬಾಗಿಲ ಹೊರಗೆ. ಆನ್ಸನ್ ಸತ್ತಿರಲಿಲ್ಲ, ಮಾಲೀಕನಾಗಿ ಮರಳಿ ಬಂದಿದ್ದ.

ಈ ಹೆಸರಿನ ಮೇಲೆ ಮೂಲನಿವಾಸಿಗಳು ಕಾನೂನಿನ ಹೋರಾಟವನ್ನೂ ಹೂಡಿದರು. 1992ರಲ್ಲಿ ಸೂಸನ್ ಹಾರ್ಜೊ ಮತ್ತು ಸಂಗಡಿಗರು, ಆಮೇಲೆ ಅಮಾಂಡ ಬ್ಲಾಕ್‌ಹಾರ್ಸ್ ಮತ್ತು ಸಂಗಡಿಗರು, ಈ ಹೆಸರಿನ ಟ್ರೇಡ್‌ಮಾರ್ಕ್ ನೋಂದಣಿ ರದ್ದಾಗಬೇಕೆಂದು ಕೇಳಿದರು. ಒಂದು ಜನಾಂಗವನ್ನು ಹೀನಾಯ ಮಾಡುವ ಹೆಸರನ್ನು ನೋಂದಾಯಿಸಬಾರದು ಎಂಬ ಕಲಮು ಆಗ ಕಾನೂನಿನಲ್ಲಿತ್ತು. 2014ರಲ್ಲಿ ನೋಂದಣಿ ರದ್ದಾಯಿತು. ಆದರೆ 2017ರಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಮೊಕದ್ದಮೆಯಲ್ಲಿ ಆ ಕಲಮನ್ನೇ ಹೊಡೆದುಹಾಕಿತು, ವಾಕ್ ಸ್ವಾತಂತ್ರ್ಯಕ್ಕೆ ಅದು ವಿರುದ್ಧ ಎಂದು. ಆ ಇನ್ನೊಂದು ಮೊಕದ್ದಮೆ ಯಾರದು ಗೊತ್ತೇ? ಏಷ್ಯಾ ಮೂಲದ ಅಮೆರಿಕನ್ನರ ಒಂದು ಹಾಡುಗಾರರ ತಂಡದ್ದು. ಬಿಳಿಯರು ತಮ್ಮ ಕಣ್ಣುಗಳನ್ನು ಆಡಿಕೊಂಡು ಬಳಸುತ್ತಿದ್ದ ಬೈಗುಳವನ್ನೇ, 'ದಿ ಸ್ಲಾಂಟ್ಸ್' ಎಂದು, ಅವರು ಬೇಕೆಂದೇ ಹೆಸರಾಗಿ ಇಟ್ಟುಕೊಂಡಿದ್ದರು. ಬೈಗುಳ ತಿಂದವರು ಬೈಗುಳವನ್ನು ಬಾವುಟ ಮಾಡಿಕೊಂಡು ಗೆದ್ದರು. ಅದರ ಲಾಭ ಬೈದವರ ಗಲ್ಲಾಪೆಟ್ಟಿಗೆಗೂ ಹೋಯಿತು.

ಇಲ್ಲಿ ನಾವು ತುಸು ನಿಲ್ಲಬೇಕು. ಮಾತನ್ನು ನಿಷೇಧಿಸಿ ಎಂದು ಸರ್ಕಾರದ ಕೈಗೆ ಕತ್ತರಿ ಕೊಡುವವರು ನಾವಲ್ಲ. ಆ ಕತ್ತರಿ ಮೊದಲು ಬೀಳುವುದು ಬಡವನ ನಾಲಗೆಯ ಮೇಲೆ. ಕೋರ್ಟಿನ ತೀರ್ಪಿನ ಬಗ್ಗೆ ನಮ್ಮ ಜಗಳವಿಲ್ಲ. ಆದರೆ ತಾನೇ ಎತ್ತಿಕೊಂಡ ಹೆಸರಿಗೂ ಇನ್ನೊಬ್ಬ ಮೆತ್ತಿದ ಹೆಸರಿಗೂ ನಡುವಿನ ವ್ಯತ್ಯಾಸ ಆ ಕಾನೂನಿನ ತಕ್ಕಡಿಗೆ ಸಿಗಲಿಲ್ಲ. ಎರಡೂ ಒಂದೇ ತೂಕ ಬಂದವು. ಕಾನೂನಿಗೆ ಕಾಣದ್ದು ವಿಮರ್ಶೆಗೆ ಕಾಣಬೇಕು. ಶಬ್ದ ಒಂದೇ ಇರಬಹುದು, ಅದನ್ನು ಆಡುವ ಬಾಯಿ ಬದಲಾದರೆ ಅರ್ಥ ತಲೆಕೆಳಗಾಗುತ್ತದೆ. 'ದಲಿತ' ಎಂದರೆ ತುಳಿಯಲ್ಪಟ್ಟವನು. ಅದನ್ನು ನಾವು ಹೇಳಿಕೊಂಡಾಗ ಅದು ದೂರು, ಸಾಕ್ಷಿ, ಸವಾಲು. 'ಹರಿಜನ' ಎಂದರೆ ದೇವರ ಮಕ್ಕಳು. ಶಬ್ದವೇನೋ ಚೆಂದ. ಆದರೆ ಆ ಹೆಸರನ್ನು ಕಾನೂನಿಗೆ ಸೇರಿಸಹೊರಟಾಗ 1938ರಲ್ಲಿ ಮುಂಬಯಿ ಶಾಸನಸಭೆಯಿಂದ ಬಾಬಾಸಾಹೇಬ ಅಂಬೇಡ್ಕರರು ತಮ್ಮ ಪಕ್ಷದವರೊಂದಿಗೆ ಎದ್ದು ಹೊರನಡೆದರು. ಗೌರವ ಎಂದು ಕೊಟ್ಟದ್ದನ್ನು ಬೇಡ ಎನ್ನುವ ಹಕ್ಕು ಪಡೆಯುವವನಿಗಿರಬೇಕು. ಅದಿಲ್ಲದ ಗೌರವ ಭಿಕ್ಷೆ.

ಹಾಗಾದರೆ ಆ ಜನರೇ ಒಪ್ಪಿದ್ದಾರಲ್ಲ ಎಂಬ ವಾದ ಬರುತ್ತದೆ. 2016ರಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಮೂಲನಿವಾಸಿಗಳೆಂದು ಹೇಳಿಕೊಂಡ 504 ಜನರನ್ನು ಕೇಳಿತು. ಹತ್ತರಲ್ಲಿ ಒಂಬತ್ತು ಮಂದಿ ಆ ಹೆಸರಿನಿಂದ ನಮಗೆ ನೋವಿಲ್ಲ ಎಂದರು. 2020ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ಸಾವಿರ ಜನರನ್ನು ಕೇಳಿದಾಗ ಸುಮಾರು ಅರ್ಧದಷ್ಟು ಜನ ಅದು ಅವಮಾನದ ಹೆಸರು ಎಂದರು. ತಮ್ಮ ಬುಡಕಟ್ಟಿನ ಆಚರಣೆಗಳಲ್ಲಿ ಹೆಚ್ಚಾಗಿ ತೊಡಗುವವರಲ್ಲಿ ಹಾಗೆ ಹೇಳಿದವರು ಇನ್ನೂ ಹೆಚ್ಚು. ಎರಡೂ ಲೆಕ್ಕ ನಮ್ಮ ಮುಂದಿರಲಿ. ಆದರೆ ನೋವಿನ ವಿಷಯವನ್ನು ಕೈ ಎತ್ತಿಸಿ ತೀರ್ಮಾನಿಸಬಹುದೆ? ಮನಶ್ಶಾಸ್ತ್ರಜ್ಞೆ ಸ್ಟೆಫನಿ ಫ್ರೈಬರ್ಗ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕಿಂತ ಆಳಕ್ಕೆ ಹೋಗುತ್ತದೆ. ಇಂಥ ಲಾಂಛನಗಳನ್ನು ಕಂಡಾಗ ಮೂಲನಿವಾಸಿ ವಿದ್ಯಾರ್ಥಿಗಳಿಗೆ ಹೊಳೆದ ಮಾತುಗಳು ಹೆಚ್ಚಾಗಿ ಒಳ್ಳೆಯವೇ ಆಗಿದ್ದವು. ಆದರೂ ತಮ್ಮ ಬಗ್ಗೆ, ತಮ್ಮ ಸಮುದಾಯದ ಬಗ್ಗೆ ಅವರಿಗಿದ್ದ ಅಭಿಮಾನ ಕುಗ್ಗಿತ್ತು. ಮುಂದೆ ನಾನು ಏನಾಗಬಲ್ಲೆ ಎಂಬ ಕನಸೂ ಕಿರಿದಾಗಿತ್ತು. ನೋವಿಲ್ಲ ಎನ್ನುವ ನಾಲಗೆಯ ಹಿಂದೆ ನೋವು ಕೂತಿರುವುದು ಹೀಗೆ. ಗೌಡರ ಜಗಲಿಯ ಕೆಳಗೆ ಕೂತು, ನಮಗೇನೂ ತೊಂದರೆ ಇಲ್ಲ ಬುದ್ಧೀ ಎಂದ ಅಜ್ಜಂದಿರ ಮೊಮ್ಮಕ್ಕಳಿಗೆ ಇದು ಅರ್ಥವಾಗದೆ ಹೋದೀತೆ?

ಒಪ್ಪಿಗೆ ನಿಜವಾಗಿಯೂ ಇರುವ ಕಡೆಯೂ ಉಂಟು. ಫ್ಲಾರಿಡ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 1978ರಿಂದ ಒಬ್ಬ ವಿದ್ಯಾರ್ಥಿ ಆಸಿಯೋಲನ ವೇಷ ತೊಟ್ಟು, ಕುದುರೆಯೇರಿ ಬಂದು, ಮೈದಾನದ ನಡುವೆ ಉರಿಯುವ ಈಟಿ ನೆಡುತ್ತಾನೆ. ಫ್ಲಾರಿಡದ ಸೆಮಿನೋಲ್ ಬುಡಕಟ್ಟಿನ ಮಂಡಳಿ ಇದಕ್ಕೆ 2005ರಲ್ಲಿ ಬರಹದಲ್ಲೇ ಒಪ್ಪಿಗೆ ಕೊಟ್ಟಿದೆ. ಅವರ ತೀರ್ಮಾನ ಅವರದು. ಇಲ್ಲಿ ಕೂತು ಅವರಿಗೆ ಬುದ್ಧಿ ಹೇಳಹೊರಟರೆ ನಾವೂ ಆ ಕುದುರೆಯನ್ನೇ ಹತ್ತಿದ ಹಾಗೆ. ಆದರೆ ಕೃತಿಯನ್ನು ಓದುವ ಹಕ್ಕು ನಮಗಿದೆ. ನಿಜವಾದ ಆಸಿಯೋಲನನ್ನು 1837ರ ಅಕ್ಟೋಬರಿನಲ್ಲಿ ಸಂಧಾನದ ಬಿಳಿಯ ಬಾವುಟದ ಕೆಳಗೆ ಮೋಸದಿಂದ ಹಿಡಿದರು. 1838ರ ಜನವರಿಯಲ್ಲಿ ಆತ ಸೆರೆಯಲ್ಲೇ ಸತ್ತ. ಅವನ ತಲೆಯನ್ನು ವೈದ್ಯನೇ ಕತ್ತರಿಸಿ ಒಯ್ದ. ಮೈದಾನದ ಆಸಿಯೋಲನಿಗೆ ಈಟಿಯಿದೆ, ಬೆಂಕಿಯಿದೆ, ಕುದುರೆಯಿದೆ. ಆ ಬಿಳಿಯ ಬಾವುಟ ಮಾತ್ರ ಇಲ್ಲ. ಶೌರ್ಯವನ್ನು ಇಟ್ಟುಕೊಂಡು ದ್ರೋಹವನ್ನು ಅಳಿಸಿದರೆ ಆಟಕ್ಕೆ ಒಳ್ಳೆಯ ಗೊಂಬೆ ಸಿಗುತ್ತದೆ, ಇತಿಹಾಸ ಸಿಗುವುದಿಲ್ಲ.

ಐರಿಷರನ್ನು 'ಜಗಳಗಂಟ ಐರಿಷರು' ಅಂತ ಒಂದು ಕಾಲೇಜು ಕರೆಯುತ್ತಲ್ಲ, ಅವರು ಅಳುತ್ತಾರೆಯೆ ಎಂದು ಇನ್ನು ಕೆಲವರು ಕೇಳುತ್ತಾರೆ. ನಾಟರ್‌ಡೇಮ್ ವಿಶ್ವವಿದ್ಯಾಲಯ 1927ರಲ್ಲಿ ಈ ಹೆಸರನ್ನು ಅಧಿಕೃತವಾಗಿ ಒಪ್ಪಿಕೊಂಡಿತು. ಅದು ಕ್ಯಾಥೊಲಿಕ್ ಪಾದ್ರಿಗಳ ಸಂಸ್ಥೆ, ಅಲ್ಲಿ ಕಲಿತವರಲ್ಲಿ, ಕಲಿಸಿದವರಲ್ಲಿ ಐರಿಷ್ ಮೂಲದವರು ತುಂಬಿದ್ದರು. ಹೊರಗಿನವರ ಮೂದಲಿಕೆಯನ್ನು ಒಳಗಿನವರು ಬಾವುಟ ಮಾಡಿದರು. ಇದಕ್ಕೆ ಪಕ್ಕದಲ್ಲಿ ಡಾರ್ಟ್‌ಮತ್ ಕಾಲೇಜನ್ನು ಇಟ್ಟು ನೋಡಿ. 1769ರ ಅದರ ಸನ್ನದಿನಲ್ಲೇ ಇಂಡಿಯನ್ ಮಕ್ಕಳ ವಿದ್ಯಾಭ್ಯಾಸ ಅದರ ಗುರಿ ಎಂದಿದೆ. ಆದರೆ ಮೊದಲ ಇನ್ನೂರು ವರ್ಷಗಳಲ್ಲಿ ಅಲ್ಲಿಂದ ಪದವಿ ಪಡೆದ ಮೂಲನಿವಾಸಿಗಳು ಇಪ್ಪತ್ತು ಮಂದಿಯೂ ಇಲ್ಲ. ಅಂಗಿಯ ಮೇಲೆ ಇಂಡಿಯನ್, ಬೆಂಚಿನ ಮೇಲೆ ಇಲ್ಲ. ಅಲ್ಲಿ ಆ ಲಾಂಛನ ಹೋದದ್ದು 1974ರಲ್ಲಿ, ಮೂಲನಿವಾಸಿ ವಿದ್ಯಾರ್ಥಿಗಳು ನಿಜವಾಗಿ ಬರತೊಡಗಿದ ಮೇಲೆ. ಮನುಷ್ಯ ಒಳಗೆ ಬಂದರೆ ಗೊಂಬೆ ಹೊರಗೆ ಹೋಗುತ್ತದೆ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ದುಡ್ಡಿನ ಮಾತೂ ಆಡಬೇಕು. ನಾರ್ತ್ ಡಕೋಟ ವಿಶ್ವವಿದ್ಯಾಲಯಕ್ಕೆ ಒಬ್ಬ ಶ್ರೀಮಂತ ಸುಮಾರು ಹತ್ತು ಕೋಟಿ ಡಾಲರಿನ ಕ್ರೀಡಾಂಗಣ ಕಟ್ಟಿಸಿಕೊಟ್ಟ. 'ಫೈಟಿಂಗ್ ಸೂ' ಎಂಬ ಹೆಸರು ತೆಗೆದರೆ ಕಟ್ಟಡವನ್ನು ಅರ್ಧಕ್ಕೇ ನಿಲ್ಲಿಸುತ್ತೇನೆ ಎಂದು ಬೆದರಿಸಿದ. 2001ರಲ್ಲಿ ಅದು ತೆರೆದಾಗ ನೆಲದಲ್ಲಿ, ಕುರ್ಚಿಗಳಲ್ಲಿ, ಗೋಡೆಗಳಲ್ಲಿ ಆ ಲಾಂಛನ ಸಾವಿರಾರು ಕಡೆ ಕೆತ್ತಿತ್ತು. ಸೂ ಜನರಲ್ಲೇ ಸ್ಪಿರಿಟ್ ಲೇಕ್‌ನವರು ಇರಲಿ ಎಂದರು, ಸ್ಟ್ಯಾಂಡಿಂಗ್ ರಾಕ್‌ನವರು ಒಪ್ಪಲಿಲ್ಲ. ಆ ಹೆಸರು ಹೋದದ್ದು 2012ರಲ್ಲಿ. ವಾಷಿಂಗ್ಟನ್ ತಂಡದ ಕಥೆಯೂ ಇಷ್ಟೆ. ಎಂದೆಂದಿಗೂ ಹೆಸರು ಬದಲಿಸೆ ಎಂದು 2013ರಲ್ಲಿ ಹೇಳಿದ್ದ ಮಾಲೀಕ 2020ರ ಜುಲೈನಲ್ಲಿ ಬದಲಿಸಿದ. ಆ ಮೇ ತಿಂಗಳಲ್ಲಿ ಜಾರ್ಜ್ ಫ್ಲಾಯ್ಡ್‌ನನ್ನು ಪೊಲೀಸರು ಕೊಂದ ಮೇಲೆ ಬೀದಿಗಳು ಹೊತ್ತಿ ಉರಿದವು. ಕ್ರೀಡಾಂಗಣಕ್ಕೆ ಹೆಸರು ಕೊಟ್ಟಿದ್ದ ಫೆಡೆಕ್ಸ್ ಕಂಪನಿ ಹೆಸರು ಬದಲಿಸಿ ಎಂದಿತು. ಮೂಲನಿವಾಸಿಗಳು ದಶಕಗಳ ಕಾಲ ಕೇಳಿದ್ದು ಕಿವಿಗೆ ಬೀಳಲಿಲ್ಲ, ಕಂಪನಿ ಕೇಳಿದ್ದು ಹತ್ತು ಹನ್ನೆರಡು ದಿನದಲ್ಲಿ ಬಿತ್ತು. ಬೀದಿಯ ಹೋರಾಟವಿಲ್ಲದಿದ್ದರೆ ಕಂಪನಿಯೂ ಕೇಳುತ್ತಿರಲಿಲ್ಲ ಎಂಬುದನ್ನು ಮರೆಯಬಾರದು. 2022ರಲ್ಲಿ ತಂಡಕ್ಕೆ 'ಕಮಾಂಡರ್ಸ್' ಎಂಬ ಹೊಸ ಹೆಸರು ಬಂತು. ಕಥೆ ಮುಗಿಯಿತು ಅಂದುಕೊಂಡರೆ, 2025ರ ಜುಲೈನಲ್ಲಿ ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಹಳೆಯ ಹೆಸರನ್ನೇ ಮತ್ತೆ ಇಡಬೇಕು, ಇಲ್ಲವಾದರೆ ಹೊಸ ಕ್ರೀಡಾಂಗಣದ ಒಪ್ಪಂದಕ್ಕೆ ಅಡ್ಡ ಬರಬಹುದು ಎಂಬಂತೆ ಮಾತಾಡಿದರು. ಮೂಲನಿವಾಸಿಗಳಿಗೇ ಅದು ಬೇಕಾಗಿದೆ ಎಂದೂ ಅವರ ಪರವಾಗಿ ತಾವೇ ಹೇಳಿದರು. ಗೊಂಬೆಯ ಬಾಯಿಗೆ ಕೈ ಹಾಕಿ ಮಾತಾಡಿಸುವುದು ಅಂದರೆ ಇದು.

ಈ ಲಾಂಛನಗಳ ಲೋಕದಲ್ಲೇ ಇನ್ನೊಂದು ಕಥೆಯಿದೆ. ಅದರ ತುದಿ ನಮ್ಮ ಮನೆಯ ಬಾಗಿಲಿಗೂ ಬಂದಿದೆ. ಅಲಬಾಮ ರಾಜ್ಯದ ಲೌಂಡೆಸ್ ಕೌಂಟಿಯಲ್ಲಿ ಐದರಲ್ಲಿ ನಾಲ್ಕು ಪಾಲು ಕರಿಯರಿದ್ದರೂ 1965ರ ಆರಂಭದಲ್ಲಿ ಮತದಾರರ ಪಟ್ಟಿಯಲ್ಲಿ ಅವರ ಹೆಸರು ಒಂದೂ ಇರಲಿಲ್ಲ. ಓದು ಬಾರದವರಿಗಾಗಿ ಮತಪತ್ರದ ಮೇಲೆ ಪಕ್ಷಗಳಿಗೆ ಚಿತ್ರದ ಗುರುತು ಇರಬೇಕಾಗಿತ್ತು. ಅಲ್ಲಿನ ಡೆಮಾಕ್ರಟಿಕ್ ಪಕ್ಷದ ಗುರುತು ಬಿಳಿಯ ಹುಂಜ, ಅದರ ಜೊತೆಗೆ ಬಿಳಿಯರ ಮೇಲ್ಮೆಯನ್ನು ಸಾರುವ ಘೋಷಣೆ. ಕರಿಯ ಒಕ್ಕಲು ಮಕ್ಕಳು ಸ್ಟೋಕ್ಲಿ ಕಾರ್ಮೈಕೇಲ್ ಮೊದಲಾದ ಯುವಕರೊಂದಿಗೆ ಸೇರಿ ತಮ್ಮದೇ ಪಕ್ಷ ಕಟ್ಟಿದರು. ಗುರುತು ಬೇಕಾಯಿತು. ಮೊದಲು ಒಂದು ಪಾರಿವಾಳ ಬರೆದರು, ಯಾರಿಗೂ ಹಿಡಿಸಲಿಲ್ಲ. ಆಮೇಲೆ ಅಟ್ಲಾಂಟದ ಕ್ಲಾರ್ಕ್ ಕಾಲೇಜಿನ ಮ್ಯಾಸ್ಕಾಟ್ ಕಣ್ಣಿಗೆ ಬಿತ್ತು. ಅದು ಕರಿಯರ ಕಾಲೇಜು. ಅದರ ಮ್ಯಾಸ್ಕಾಟ್ ಚಿರತೆ. ಅದನ್ನೇ ನೋಡಿಕೊಂಡು ಕಪ್ಪು ಚಿರತೆ ಬರೆದರು. ಮೂಲೆಗೆ ಒತ್ತಿದಾಗ ತಿರುಗಿ ಬೀಳುವ ಪ್ರಾಣಿ ಎಂದು ಅದಕ್ಕೆ ಅರ್ಥ ಹೇಳಿದರು. 1966ರ ಚುನಾವಣೆಯಲ್ಲಿ ಸೋತರು. 1970ರಲ್ಲಿ ಅವರ ಮುಂದಾಳು ಜಾನ್ ಹ್ಯೂಲೆಟ್ ಅಲ್ಲಿನ ಶೆರಿಫ್ ಆಗಿ ಆಯ್ಕೆಯಾದರು.

ಅಷ್ಟರಲ್ಲಿ ಚಿರತೆ ಊರು ಬಿಟ್ಟಿತ್ತು. 1966ರ ಅಕ್ಟೋಬರಿನಲ್ಲಿ ಓಕ್‌ಲೆಂಡಿನಲ್ಲಿ ಹ್ಯೂಯಿ ನ್ಯೂಟನ್, ಬಾಬಿ ಸೀಲ್ ಅದೇ ಹೆಸರಿನಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಕಟ್ಟಿದರು. 1972ರಲ್ಲಿ ಮುಂಬಯಿಯಲ್ಲಿ ನಾಮದೇವ ಢಸಾಳ, ಜೆ.ವಿ. ಪವಾರ್, ರಾಜಾ ಢಾಲೆ ಮೊದಲಾದವರು ದಲಿತ ಪ್ಯಾಂಥರ್ ಎಂದರು. ಆ ಹೆಸರಿನ ಕಾವು ಕರ್ನಾಟಕದ ದಲಿತ ಚಳವಳಿಗೂ ತಾಕಿತು. ಒಂದು ಕಾಲೇಜಿನ ಆಟದ ಗುರುತು ಕಾಲ್ನಡಿಗೆಯಲ್ಲಿ ಬಂದು ನಮ್ಮ ಕೇರಿಗಳ ಗೋಡೆ ಬರಹವಾಯಿತು. ಗುರುತು ಅಂದರೆ ಏನೂ ಅಲ್ಲ, ಬರೀ ಆಟ ಅಂತ ಹೇಳುವವರು ಈ ದಾರಿಯನ್ನು ನೋಡಲಿ. ಇಲಿನಿವೆಕ್‌ನೂ ಗುರುತೇ, ಈ ಚಿರತೆಯೂ ಗುರುತೇ. ಒಂದು ಎಂಬತ್ತು ವರ್ಷ ಕುಣಿದು, ತಾನು ಯಾರ ಹೆಸರು ಹೊತ್ತಿತ್ತೋ ಅವರಿಗೆ ಒಂದು ಗೇಣು ನೆಲವನ್ನೂ ತಂದುಕೊಡಲಿಲ್ಲ. ಇನ್ನೊಂದು ಓದು ಬಾರದವನ ಕೈಗೆ ಮತ ಕೊಟ್ಟಿತು. ಒಂದನ್ನು ತೊಡಿಸಿದರು, ಇನ್ನೊಂದನ್ನು ತೊಟ್ಟರು.

ಆದ್ದರಿಂದ ಗೆಳೆಯರೇ, ನಮ್ಮ ಗುರುತುಗಳ ಬಗ್ಗೆಯೂ ಎಚ್ಚರವಾಗಿರೋಣ. ಇಂದು ಎಲ್ಲ ಪಕ್ಷಗಳ ವೇದಿಕೆಯ ಹಿಂದೆಯೂ ಬಾಬಾಸಾಹೇಬರ ಭಾವಚಿತ್ರವಿದೆ, ಎಲ್ಲರ ಮೆರವಣಿಗೆಯ ಮುಂದೆಯೂ ನಮ್ಮ ತಮಟೆಯಿದೆ. ಸಂತೋಷ. ಆದರೆ ವೇದಿಕೆಯ ಮೇಲಿನ ಕುರ್ಚಿಗಳಲ್ಲಿ ಯಾರಿದ್ದಾರೆ, ಮೆರವಣಿಗೆ ಮುಗಿದ ಮೇಲೆ ತಮಟೆಯವನು ಎಲ್ಲಿ ಕೂತು ಉಣ್ಣುತ್ತಾನೆ ಎಂದು ಎಣಿಸಿ ನೋಡಬೇಕು. ಡಾರ್ಟ್‌ಮತ್ತಿನ ಲೆಕ್ಕವನ್ನು ಇಲ್ಲೂ ಹಾಕಬೇಕು, ಅಂಗಿಯ ಮೇಲೆ ಎಷ್ಟು, ಬೆಂಚಿನ ಮೇಲೆ ಎಷ್ಟು ಎಂದು. ಅಟ್ಲಾಂಟದ ಬೇಸ್‌ಬಾಲ್ ತಂಡ ಇಂದಿಗೂ 'ಬ್ರೇವ್ಸ್', ಕಾನ್ಸಾಸ್ ಸಿಟಿಯ ಫುಟ್‌ಬಾಲ್ ತಂಡ ಇಂದಿಗೂ 'ಚೀಫ್ಸ್'. ಅಲ್ಲಿ ಆಟ ನಡೆಯುವ ದಿನ ಸಾವಿರಾರು ಜನ ಕೈಯನ್ನೇ ಕೊಡಲಿಯಂತೆ ಬೀಸುತ್ತಾರೆ, ಹೊರಗೆ ಫಲಕ ಹಿಡಿದು ನಿಲ್ಲುವ ಮೂಲನಿವಾಸಿಗಳು ಕೆಲವೇ ಮಂದಿ. ನಮ್ಮ ಕಣ್ಣು ಆ ಫಲಕದ ಕಡೆ ಇರಲಿ.